ಹರಳೆಣ್ಣೆ ಕುಡಿದ ಕ್ಲಚ್ಚು

ಹೋದ ಶನಿವಾರ ಮೊಮ್ಮಗಳ ತಲೆಗೆ ಹಚ್ಚೋಣವೆಂದು ಹರಳೆಣ್ಣೆ ಬಿಸಿಗಿಟ್ಟಿದ್ದೆ. ಮೈಮರೆತು ಒಂದಿಷ್ಟು ಹೆಚ್ಚೇ ಕಾಯಿತು. ಎಣ್ಣೆ ಹೊಗೆಯಾಡುವ ಮುಂಚಿನ ಆ ಘಾಟು ಅಡುಗೆಮನೆಯನ್ನೆಲ್ಲ ತುಂಬಿಕೊಂಡಿತು. ಮೊಮ್ಮಗಳು ಮೂಗು ಮುಚ್ಚಿಕೊಂಡು ಹಿತ್ತಲಿಗೆ ಓಡಿದಳು. ನಾನು ಬಾಣಲೆ ಇಳಿಸುವುದನ್ನೂ ಬಿಟ್ಟು ಸುಮ್ಮನೆ ನಿಂತುಬಿಟ್ಟೆ. ಹರಳೆಣ್ಣೆ, ಕಾದ ಕಬ್ಬಿಣ, ಚರ್ಮ, ಅದರ ಮೇಲೊಂದಿಷ್ಟು ಸೀಗೆಪುಡಿ... ಇವೆಲ್ಲ ಕೂಡಿದ ವಾಸನೆಯನ್ನು ನಾನು ಕಂಡದ್ದು ಒಂದೇ ಕಡೆ. ಮುಳಬಾಗಿಲಿನಲ್ಲಿ, ನಮ್ಮ ಪಕ್ಕದ ಮನೆಯ ಕೊಟ್ಟಿಗೆಯಲ್ಲಿ, ಅಕ್ಕನ ಕಾರಿನೊಳಗೆ.

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ. ನಾನು ಮದುವೆಯಾಗಿ ಆ ಬೀದಿಗೆ ಬಂದಾಗ ಆಕೆಗೆ ಮೂವತ್ತು ದಾಟಿತ್ತು. ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ಆಕೆಯ ಗಂಡ ರಸ್ತೆಯ ಕಂಟ್ರಾಕ್ಟು ಮಾಡುತ್ತಿದ್ದವರು. ಚಿನ್ನದ ಗಣಿಯ ದೊರೆಯೊಬ್ಬ ತನ್ನ ದೇಶಕ್ಕೆ ಹಿಂತಿರುಗುವಾಗ ಮಾರಿಹೋದ ಹಳೆಯ ಕಾರನ್ನು ಕೊಂಡುಕೊಂಡಿದ್ದರಂತೆ. ಹಿತ್ತಾಳೆಯ ದೀಪಗಳು, ಬಟ್ಟೆಯ ಮೇಲುಹೊದಿಕೆ, ಮುಂದೆ ಹ್ಯಾಂಡಲ್ ಹಾಕಿ ತಿರುವಿದರೆ ಮಾತ್ರ ಎಚ್ಚರಾಗುವ ಎಂಜಿನ್ನು. ಕೆಲಸವಿಲ್ಲದ ಮಧ್ಯಾಹ್ನ ಬತ್ತಿದ ಕೆರೆಯಂಗಳಕ್ಕೆ ಕರೆದೊಯ್ದು ಹೆಂಡತಿಗೂ ಅದನ್ನು ಓಡಿಸಲು ಕಲಿಸಿದರಂತೆ. ಮಕ್ಕಳಿಲ್ಲದ ಗಂಡಹೆಂಡಿರು, ಏನೋ ಆಡಿಕೊಳ್ಳಲಿ ಎಂದು ಊರು ಸುಮ್ಮನಿತ್ತು. ಆಮೇಲೆ ಆತ ಜ್ವರದಲ್ಲಿ ಹೋಗಿಬಿಟ್ಟರು. ನಾನು ಬರುವ ಹೊತ್ತಿಗೆ ಕಾರಿನ ಹಿಂದಿನ ಸೀಟಿನಲ್ಲಿ ಕೋಳಿಗಳು ಕಾವು ಕೂರುತ್ತಿದ್ದವು.

ಆ ಮನೆಗೆ ಯಜಮಾನರೆಂದರೆ ಆಕೆಯ ಗಂಡನ ಅಣ್ಣ. ಅಕ್ಕ ಅವರನ್ನು ಭಾವ ಎನ್ನುತ್ತಿದ್ದಳು. ಮೇಲಿನ ಬೀದಿಯಲ್ಲಿ ಅವರ ಮನೆ. ಕೆಟ್ಟವರಲ್ಲ, ಅಕ್ಕನಿಗೆ ರಾಗಿ ಕಾಳು ಕಡಿಮೆ ಮಾಡಿದವರಲ್ಲ. ಆದರೆ ತಮ್ಮನ ಹೆಂಡತಿ ಮೂಲೆಯಲ್ಲಿ ಕೂತಿದ್ದರೆ ಮಾತ್ರ ಮನೆಯ ಮಾನ ಉಳಿಯುತ್ತದೆ ಎಂದು ನಂಬಿದ್ದವರು. ಮಾಲೂರಿನ ಹೆಂಚಿನ ಗೂಡಿನವನೊಬ್ಬನಿಗೆ ಜೇಡಿಮಣ್ಣಿನ ಗುಂಡಿಯಿಂದ ನೀರೆತ್ತಲು ಒಂದು ಎಂಜಿನ್ನು ಬೇಕಾಗಿತ್ತು. ಕಾರಿನ ಎಂಜಿನ್ನು ಬಿಚ್ಚಿಕೊಂಡು ಹೋಗಲಿ, ಉಳಿದದ್ದು ಗುಜರಿಗೆ ಎಂದು ಭಾವ ಮಾತು ಕೊಟ್ಟುಬಿಟ್ಟರು.

ಜಗಲಿಯ ಮೇಲೆ ಹತ್ತು ಜನ ಕೂತಿದ್ದಾಗ ಅಕ್ಕ ಬಾಗಿಲ ಹಿಂದಿನಿಂದ ಹೇಳಿದಳು. "ಎಂಜಿನ್ ಬಿಚ್ಚೋದು ಬೇಡ ಭಾವಾ. ನಾನು ಓಡಿಸ್ತೀನಿ. ಬಾಡಿಗೆಗೆ ಓಡಿಸ್ಕೊಂಡು ನನ್ನ ಊಟ ನಾನು ನೋಡ್ಕೊಂತೀನಿ."

ಜಗಲಿಯೆಲ್ಲ ನಕ್ಕಿತು. ಭಾವನೂ ನಗುತ್ತಲೇ ಹೇಳಿದರು. "ಕೋಲಾರಕ್ಕೆ ಹೋಗಿ ಲೈಸೆನ್ಸು ತಗೊಂಡು ಬಾ ಹೋಗಮ್ಮ. ತಂದ್ರೆ ಕಾರು ನಿಂದೇ. ಇಲ್ದಿದ್ರೆ ಯುಗಾದಿ ಕಳೀತಿದ್ದಂಗೆ ಮಾಲೂರಿನೋರು ಬರ್ತಾರೆ."

ಗಂಡಸರು ಹತ್ತು ಜನರ ಮುಂದೆ ತಮಾಷೆಗೆ ಆಡಿದ್ದನ್ನು ಹೆಂಗಸು ಮಾತೆಂದೇ ಹಿಡಿದುಕೊಂಡರೆ ಎಷ್ಟು ತೊಂದರೆ ನೋಡಿ. ಅಕ್ಕ ಹಿಡಿದುಕೊಂಡಳು. ಮರುದಿನವೇ ಕೋಳಿಗಳನ್ನು ಓಡಿಸಿದಳು. ನಮ್ಮತ್ತೆ ಮಲಗುವ ಹೊತ್ತು ನೋಡಿಕೊಂಡು ನಾನೂ ಗೋಡೆಯ ಸಂದಿನಿಂದ ಆ ಕಡೆಗೆ ಹೋಗುತ್ತಿದ್ದೆ. ಇಬ್ಬರೂ ಸೇರಿ ಕಾರು ತೊಳೆದೆವು, ಇಲಿ ಕಡಿದ ಸೀಟು ಹೊಲಿದೆವು, ಹಿತ್ತಾಳೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿದೆವು. ನನಗಾಗ ಇಪ್ಪತ್ತೆರಡೋ ಇಪ್ಪತ್ತಮೂರೋ. ಅಷ್ಟು ಖುಷಿಯಿಂದ ನಾನು ನನ್ನ ಅತ್ತೆಮನೆಯ ಒಂದು ಪಾತ್ರೆಯನ್ನೂ ಉಜ್ಜಿರಲಿಲ್ಲ.

ಕೋಲಾರದಿಂದ ಒಬ್ಬ ಮೇಸ್ತ್ರಿಯನ್ನು ಕರೆಸಿದಳು. ಎಂಜಿನ್ನು ಕೆಮ್ಮಿ, ಉಗಿದು, ಕೊನೆಗೆ ಓಡಿತು. ಆದರೆ ಕ್ಲಚ್ಚು ಹೋಗಿತ್ತು. ಈಗಿನ ಕಾರುಗಳಂತಲ್ಲ ಅದು. ಒಂದು ಬಟ್ಟಲೊಳಗೆ ಇನ್ನೊಂದು ಬಟ್ಟಲು ಕೂರುವಂತೆ ಎಂಜಿನ್ನಿನ ದೊಡ್ಡ ಚಕ್ರದೊಳಗೆ ಇನ್ನೊಂದು ಕಬ್ಬಿಣದ ಬಟ್ಟಲು ಕೂರುತ್ತಿತ್ತು. ಒಳಗಿನ ಬಟ್ಟಲ ಸುತ್ತ ಚರ್ಮದ ಪಟ್ಟಿ. ಕಾಲಿನ ಪೆಡಲು ಒತ್ತಿದರೆ ಎರಡೂ ಬೇರೆ, ಬಿಟ್ಟರೆ ಚರ್ಮ ಹಿಡಿದುಕೊಂಡು ಕಾರು ಹೊರಡಬೇಕು. ಆ ಚರ್ಮವನ್ನು ಇಲಿಗಳು ತಿಂದಿದ್ದವು. ಮೇಸ್ತ್ರಿ ಬಟ್ಟಲನ್ನು ಬಿಚ್ಚಿ ಕೋಲಾರಕ್ಕೆ ಒಯ್ದು, ಅಕ್ಕಿ ಗಿರಣಿಯ ಯಂತ್ರಕ್ಕೆ ಹಾಕುವ ದಪ್ಪನೆಯ ಚರ್ಮದ ಪಟ್ಟಿಯಲ್ಲಿ ಒಂದು ತುಂಡು ಕತ್ತರಿಸಿ ಕಟ್ಟಿ, ತಂದು ಕೂರಿಸಿದ.

ಮೊದಲನೇ ದಿನ ಬೀದಿಯೆಲ್ಲ ನೋಡಲು ನಿಂತಿತ್ತು. ಅಕ್ಕ ಸ್ಟಿಯರಿಂಗು ಹಿಡಿದು ಕೂತಳು, ಪಕ್ಕದಲ್ಲಿ ನಾನು. ಪೆಡಲು ಬಿಟ್ಟಿದ್ದೇ ತಡ, ಕಾರು ಹಗ್ಗ ಕಿತ್ತ ಹೋರಿಯಂತೆ ನೆಗೆದು ನಿಂತುಬಿಟ್ಟಿತು. ನನ್ನ ಹಣೆ ಮುಂದಿನ ಗಾಜಿಗೆ ಹೊಡೆಯಿತು. ಮತ್ತೆ ಹ್ಯಾಂಡಲ್ ತಿರುವಿದ್ದಾಯಿತು. ಮತ್ತೆ ನೆಗೆತ. ಎಷ್ಟು ನಿಧಾನವಾಗಿ ಬಿಟ್ಟರೂ ಒಂದು ಕೂದಲೆಳೆಯವರೆಗೆ ಏನೂ ಇಲ್ಲ, ಅದು ದಾಟಿದೊಡನೆ ಕಚ್ಚಿ ಎಳೆಯುತ್ತಿತ್ತು. ಹುಡುಗರು ಕೇಕೆ ಹಾಕಿದರು. ದೊಡ್ಡವರು ಕೇಕೆ ಹಾಕಲಿಲ್ಲ, ಅದಕ್ಕಿಂತ ಕೆಟ್ಟದಾಗಿ ನಕ್ಕರು.

"ಗಾಡೀಲಿ ಏನೂ ಐಬಿಲ್ಲಮ್ಮ" ಎಂದ ಮೇಸ್ತ್ರಿ. "ಹೆಂಗಸ್ರ ಕಾಲು. ತಡವರಿಸ್ತೈತೆ. ಓಡ್ತಾ ಓಡ್ತಾ ಚರ್ಮ ಅದೇ ಸರಿಹೋಗ್ತೈತೆ, ಕಾಲು ಸರಿಹೋಗಬೇಕಲ್ಲ."

ಹೆಂಗಸರ ಕಾಲು! ಆ ಮಾತು ಸಂಜೆಯೊಳಗೆ ಊರು ಸುತ್ತಿ ಬಂತು. ನೀರಿಗೆ ಹೋದರೆ ಬಾವಿಕಟ್ಟೆಯಲ್ಲಿ ಅದೇ, ಅಂಗಡಿಗೆ ಹೋದರೆ ಅದೇ. ನಾಲ್ಕು ಹೊತ್ತು ಕೊಡ ಹೊತ್ತು ಮೆಟ್ಟಿಲು ಹತ್ತಿ ಇಳಿಯುವಾಗ ಸರಿಯಾಗಿದ್ದ ಕಾಲು ಒಂದು ಪೆಡಲಿನ ಮುಂದೆ ಕೆಟ್ಟುಹೋಗಿತ್ತು. ನನಗೆ ಮೈಯೆಲ್ಲ ಉರಿಯಿತು. ಈಗಲೂ ಬರೆಯುತ್ತಿದ್ದರೆ ಉರಿಯುತ್ತದೆ.

ಆದರೆ ಅಂದು ಸಂಜೆ ಅಕ್ಕ ಹಿತ್ತಲ ಮೆಟ್ಟಿಲ ಮೇಲೆ ಎಡಗಾಲು ಚಾಚಿಕೊಂಡು ಕೂತಿದ್ದಳು. ಅದನ್ನೇ ನೋಡುತ್ತಿದ್ದಳು. "ಎರಡು ವರ್ಷ ಆಯ್ತು ಕಣೇ ಪೆಡಲು ಮುಟ್ಟಿ. ನನ್ನ ಕಾಲೇ ಇರಬೋದೇನೋ" ಎಂದಳು. ಆಕೆ ಅಳುಕಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ನಾನು ಪಕ್ಕದಲ್ಲಿ ಕೂತೆ, ಅಷ್ಟೆ.

ಬೆಳಗಾಗುವಷ್ಟರಲ್ಲಿ ಆಕೆ ಮತ್ತೆ ಮೊದಲಿನಂತಾಗಿದ್ದಳು. ಭಾವನಿಗೆ ಹೇಳಿಕಳುಹಿಸಿದಳು: ನನ್ನ ಕಾಲು ಸರಿಯಿಲ್ಲ, ಒಪ್ಪಿದೆ, ನಿಮಗೆ ಬೇಕಾದ ಗಂಡಸಿನ ಕಾಲಲ್ಲಿ ಒಂದು ಸಲ ನೋಡೋಣ. ಭಾವ ಹುರುಪಿನಿಂದ ಕೋಲಾರದ ಬಸ್ಸಿನ ಡ್ರೈವರನ್ನು ಕರೆದುಕೊಂಡು ಬಂದರು. ಆತ ಮಾತು ಕಡಿಮೆಯ ಮನುಷ್ಯ, ಆ ರಸ್ತೆಯಲ್ಲಿ ಬಹಳ ಪಳಗಿದವನು. ಭಾವ ಪೇಟ ಸರಿಮಾಡಿಕೊಂಡು ಹಿಂದಿನ ಸೀಟಿನಲ್ಲಿ ಕೂತರು. ಡ್ರೈವರು ಪೆಡಲು ಬಿಟ್ಟ. ಕಾರು ನೆಗೆಯಿತು. ಪೇಟ ಹಾರಿ ಡ್ರೈವರನ ತೊಡೆಯ ಮೇಲೆ ಬಿತ್ತು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ.

"ಕ್ಲಚ್ಚು ಕಚ್ಚತೈತೆ ಸ್ವಾಮಿ" ಎಂದ ಡ್ರೈವರು.

ಭಾವ ಪೇಟ ಸುತ್ತಿಕೊಳ್ಳುತ್ತ, "ನಿನಗೆ ಈ ಕಾರು ಹೊಸದಲ್ವೇನಪ್ಪ, ಅಭ್ಯಾಸ ಇಲ್ಲ" ಎಂದರು. ಕೇಳಿದಿರಾ? ಗಂಡಸಿನ ಕಾಲಾದರೆ ಅಭ್ಯಾಸವಿಲ್ಲ. ಹೆಂಗಸಿನ ಕಾಲಾದರೆ ಕಾಲೇ ಸರಿಯಿಲ್ಲ.

ಅಕ್ಕನಿಗೆ ಬೇಕಾದ್ದು ಸಿಕ್ಕಿತ್ತು. ಮಧ್ಯಾಹ್ನ ಊರು ಮಲಗಿದಾಗ ಕಾರಿನ ಕಾಲಡಿಯ ಹಲಗೆ ಬಿಚ್ಚಿದೆವು. ನಾನು ಪೆಡಲನ್ನು ಒತ್ತಿ ಹಿಡಿದೆ. ಎರಡು ಬಟ್ಟಲುಗಳ ನಡುವಿನ ಸಂದಿನಲ್ಲಿ ಆಕೆ ಬೆರಳು ತೂರಿಸಿ ಚರ್ಮವನ್ನು ಮುಟ್ಟಿ ನೋಡಿದಳು. ಉಗುರಿನಿಂದ ಕೆರೆದಳು. ಬಿಸಿಲಿಗೆ ಬಿಟ್ಟ ಹಪ್ಪಳದಂತೆ ಟಕಟಕ ಎಂದಿತು.

"ಇದು ಒಣಗಿದೆ ಕಣೇ" ಎಂದಳು. "ನಮ್ಮೂರಲ್ಲಿ ಕಪಿಲೆಗೆ ಹೊಸ ಚರ್ಮ ತಂದ್ರೆ ಮೊದಲು ಅದಕ್ಕೆ ಹರಳೆಣ್ಣೆ ಕುಡಿಸ್ತಾರೆ. ಕುಡಿಸದೆ ಬಾವಿಗೆ ಬಿಟ್ರೆ ಅದು ಬಾಗಲ್ಲ, ಎತ್ತುಗಳ ಕೊರಳು ಹರಿದೋಗ್ತದೆ."

ಆಕೆಯ ತವರು ಆವನಿಯ ಹತ್ತಿರದ ಒಂದು ಹಳ್ಳಿ. ಬಾವಿಯಿಂದ ಎತ್ತು ಕಟ್ಟಿ ದೊಡ್ಡ ಚರ್ಮದ ಚೀಲದಲ್ಲಿ ನೀರೆಳೆಯುವ ಕಪಿಲೆಯ ಸದ್ದಿನಲ್ಲೇ ಬೆಳೆದವಳು. ಹೇಳುತ್ತ ಹೇಳುತ್ತ ತಟ್ಟನೆ ಎದ್ದು ಗಂಡನ ಸಾಮಾನಿನ ಪೆಟ್ಟಿಗೆ ತೆಗೆದಳು. ಸ್ಪ್ಯಾನರುಗಳ ನಡುವೆ ಒಂದು ಸೀಸೆ ಇತ್ತು, ತಳದಲ್ಲಿ ಗಟ್ಟಿಯಾಗಿ ಉಳಿದ ಹರಳೆಣ್ಣೆ. ಅದನ್ನು ಕೈಯಲ್ಲಿ ಹಿಡಿದುಕೊಂಡು ನಗತೊಡಗಿದಳು. ನಗು ಹೋಗಿ ಕಣ್ಣಲ್ಲಿ ನೀರು ಬಂತು. "ಇಷ್ಟು ವರ್ಷ ಇದು ಅವರ ಹೊಟ್ಟೆಗೆ ಅಂದ್ಕೊಂಡಿದ್ದೆ ಕಣೇ. ಮಲಬದ್ಧತೆ, ನಾಚ್ಕೊಂಡು ನನಗೆ ಹೇಳಿಲ್ಲ ಅಂತ... ಒಂದು ಸಲನೂ ಕೇಳಲಿಲ್ಲ."

ಇಲ್ಲಿಂದ ಮುಂದೆ ನಾವಿಬ್ಬರೂ ಮಾಡಿದ್ದು ಶುದ್ಧ ಹಳ್ಳಿಯ ಹೆಣ್ಣುಮಕ್ಕಳ ಕೆಲಸ. ಕಪಿಲೆಯ ಚರ್ಮಕ್ಕೆ ಹೇಗೋ ಹಾಗೆ. ಮುರಿದ ಒನಕೆಯ ತುಂಡನ್ನು ಸೀಟಿಗೂ ಪೆಡಲಿಗೂ ನಡುವೆ ಕೊಟ್ಟು ಪೆಡಲು ಒತ್ತಿಯೇ ಇರುವಂತೆ ಮಾಡಿ, ಬೆಚ್ಚಗೆ ಕಾಯಿಸಿದ ಹರಳೆಣ್ಣೆಯನ್ನು ಒಂದು ಚೊಂಬು ತುಂಬ ಸಂದಿನೊಳಗೆ ಸುರಿದೆವು. ಬಟ್ಟಲನ್ನು ಕೈಯಿಂದ ತಿರುಗಿಸುತ್ತ ಸುತ್ತಲೂ ಕುಡಿಸಿದೆವು. ಚೆನ್ನಾಗಿ ನೆನೆಯಲಿ ಎಂದು ಮಾರನೆಯ ಬೆಳಿಗ್ಗೆಯವರೆಗೆ ಹಾಗೇ ಬಿಟ್ಟೆವು. ಕಪಿಲೆಯ ಚೀಲ ಏನನ್ನೂ ಹಿಡಿದುಕೊಂಡು ಎಳೆಯಬೇಕಿಲ್ಲ, ಇದು ಎಳೆಯಬೇಕು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಬೆಳಿಗ್ಗೆ ಅಕ್ಕ ಪೆಡಲು ಬಿಟ್ಟಳು. ನೆಗೆತವಿಲ್ಲ. ನಾನು ಚಪ್ಪಾಳೆ ತಟ್ಟಲು ಕೈಯೆತ್ತಿದೆ. ಕಾರು ಹೊರಡಲೂ ಇಲ್ಲ. ಎಂಜಿನ್ನು ಬೊಬ್ಬೆ ಹೊಡೆಯುತ್ತಿದೆ, ಚಕ್ರ ಅಲುಗುತ್ತಿಲ್ಲ. ಎಣ್ಣೆ ಕುಡಿದು ಚರ್ಮ ಜಾರುತ್ತಿತ್ತು. ಆ ಸದ್ದಿಗೆ ಭಾವ ಬಂದು ನೋಡಿ, "ಕುಣಿಯೋದೂ ನಿಂತೋಯ್ತಾ? ಸರಿ ಬಿಡು, ಮಾಲೂರಿಗೆ ಹೇಳಿ ಕಳಿಸ್ತೀನಿ" ಎಂದು ಹೋದರು. ಯುಗಾದಿ ಬಾಗಿಲಲ್ಲಿತ್ತು. ಲೈಸೆನ್ಸಿನ ಪರೀಕ್ಷೆ ಅದಕ್ಕಿಂತ ಮುಂಚೆ.

ಅಂದು ಶನಿವಾರ. ನಾನು ತಲೆಗೆ ಎಣ್ಣೆ ಹಚ್ಚಿಕೊಂಡು, ಅದು ಹಣೆಯ ಮೇಲೆ ಇಳಿಯುತ್ತಿದ್ದಂತೆಯೇ ಓಡಿಬಂದಿದ್ದೆ. ಅಕ್ಕ ಸ್ಟಿಯರಿಂಗಿನ ಮೇಲೆ ಕೈಯಿಟ್ಟುಕೊಂಡು ನನ್ನನ್ನೇ ಬಹಳ ಹೊತ್ತು ನೋಡಿದಳು.

"ನಿನ್ನ ತಲೇಲಿರೋ ಎಣ್ಣೆ ಏನು ಹಾಕಿ ತೆಗೀತೀಯ?"

"ಸೀಗೆಪುಡಿ."

"ಮತ್ತೆ ಇನ್ನೇನು ನೋಡ್ತಾ ನಿಂತಿದೀಯ, ತಗೊಂಡು ಬಾ."

ನಮ್ಮತ್ತೆ ಬಿಸಿಲಲ್ಲಿ ಒಣಗಿಸಿ, ಕುಟ್ಟಿ, ಜರಡಿ ಹಿಡಿದು ವರ್ಷಕ್ಕೆಂದು ತುಂಬಿಟ್ಟಿದ್ದ ಸೀಗೆಪುಡಿಯ ಡಬ್ಬವನ್ನೇ ಎತ್ತಿಕೊಂಡು ಬಂದೆ. ಹಳೇ ಬಟ್ಟೆಯಿಂದ ಒರೆಸಬಹುದಾದಷ್ಟು ಎಣ್ಣೆ ಒರೆಸಿದೆವು. ಆಮೇಲೆ ಸಂದಿನೊಳಗೆ ಒಂದೊಂದೇ ಚಿಟಿಕೆ ಪುಡಿ. ಚಿಟಿಕೆ ಹಾಕುವುದು, ಪೆಡಲು ಬಿಟ್ಟು ಸ್ವಲ್ಪ ಉಜ್ಜಲು ಬಿಡುವುದು, ಮತ್ತೆ ಒತ್ತುವುದು, ಎಣ್ಣೆ ಹೀರಿದ ಪುಡಿಯನ್ನು ಕಡ್ಡಿಯಿಂದ ಕೆರೆದು ತೆಗೆಯುವುದು. ಕಾದ ಕಬ್ಬಿಣಕ್ಕೆ ತಾಗಿ ಆ ವಾಸನೆ ಎದ್ದಿತು. ನನಗೆ ಸೀನೋ ಸೀನು. ನಮ್ಮತ್ತೆ ಗೋಡೆಯಾಚೆಯಿಂದ ನನ್ನ ಹೆಸರು ಕೂಗುತ್ತಿದ್ದರು. ಓಗೊಡಲಿಲ್ಲ.

ಹೊತ್ತು ನೆತ್ತಿಗೆ ಬರುವ ಹೊತ್ತಿಗೆ ಅಕ್ಕ ಪೆಡಲು ಬಿಟ್ಟಾಗ ಕಾರು ಹೊರಟಿತು. ಹೊರಟದ್ದು ನನಗೆ ಗೊತ್ತೇ ಆಗಲಿಲ್ಲ. ಕೊಟ್ಟಿಗೆಯ ಕಂಬ ಹಿಂದೆ ಸರಿದಾಗ ಗೊತ್ತಾಯಿತು. ಅಕ್ಕ ಹಿಂದಕ್ಕೆ ಬಂದಳು, ಮುಂದಕ್ಕೆ ಹೋದಳು, ಮತ್ತೆ ಹಿಂದಕ್ಕೆ ಬಂದಳು. ಆಮೇಲೆ ತನ್ನ ಎಡಮೊಣಕಾಲಿನ ಮೇಲೆ ಕೈಯಿಟ್ಟು ಮಗುವನ್ನು ತಟ್ಟುವ ಹಾಗೆ ತಟ್ಟಿದಳು.

ಕೋಲಾರಕ್ಕೆ ನಾನೂ ಹೋದೆ. ಶಾಲೆ ಮಾಸ್ತರರಾಗಿದ್ದ ನನ್ನ ಗಂಡ "ಹೋಗಿ ಬಾ" ಎಂದಿದ್ದರು, ಅವರಮ್ಮನಿಗೆ ಕೇಳಿಸದಷ್ಟು ಮೆಲ್ಲಗೆ. ಲೈಸೆನ್ಸಿದ್ದವರೊಬ್ಬರು ಜೊತೆಗಿರಲೆಂದು ಹಿಂದಿನ ಸೀಟಿನಲ್ಲಿ ಆ ಬಸ್ಸಿನ ಡ್ರೈವರು ಕೂತಿದ್ದ. ಪರೀಕ್ಷೆ ಮಾಡುವ ಇನ್‌ಸ್ಪೆಕ್ಟರು ಟೀ ಲೋಟ ಹಿಡಿದುಕೊಂಡೇ ಬಂದು, ಡ್ರೈವರನನ್ನು ನೋಡಿ, "ಇಳಿದು ಮುಂದಕ್ಕೆ ಬಾಪ್ಪ" ಎಂದರು. "ನಾನು ಸ್ವಾಮಿ ಓಡಿಸೋದು" ಎಂದಳು ಅಕ್ಕ. ಅವರು ಒಂದು ಗುಟುಕು ಕುಡಿದು ಆಕೆಯನ್ನು ನೋಡಿದರು. ಇನ್ನೊಂದು ಗುಟುಕು ಕುಡಿದು ಹತ್ತಿ ಕೂತರು. ಕೆರೆಯ ಏರಿಗೆ ಹತ್ತುವ ಇಳಿಜಾರಿನ ನಡುವೆ ನಿಲ್ಲಿಸಿ, ಮತ್ತೆ ಹೊರಡಿಸು ಎಂದರು. ಕಾರು ಒಂದು ಬೆರಳು ಹಿಂದೆ ಸರಿಯದೆ ಹೊರಟಿತು. ಅವರು ಲೋಟದಿಂದ ಬಾಯಿ ತೆಗೆಯಲಿಲ್ಲ. ಏರಿಯ ಮೇಲೆ ನಿಂತಾಗ ಮಾತ್ರ ಕೇಳಿದರು, "ಇದು ಚರ್ಮದ ಕ್ಲಚ್ಚಲ್ವೇನಮ್ಮ? ಇಷ್ಟು ಮೆತ್ತಗೆ ಹೆಂಗೆ?"

"ಎಣ್ಣೆಸ್ನಾನ ಮಾಡ್ಸಿದೀವಿ ಸ್ವಾಮಿ" ಎಂದಳು ಅಕ್ಕ.

ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಯುಗಾದಿಯ ಮಾರನೆಯ ವಾರ ಮಾಲೂರಿನವರು ಎತ್ತಿನ ಗಾಡಿ, ಹಗ್ಗ, ಸ್ಪ್ಯಾನರು ಎಲ್ಲ ತಂದು ಕೊಟ್ಟಿಗೆಯ ಮುಂದೆ ನಿಂತರು. ಭಾವನೇ ಕರೆಸಿದ್ದರು. ಅಕ್ಕ ಲೈಸೆನ್ಸು ತೋರಿಸಿದಳು. ಭಾವ ಅದನ್ನು ಮುಟ್ಟಲಿಲ್ಲ. "ಕಾಗದ ಇದ್ರಾಯ್ತೇನಮ್ಮ? ನಾಳೆ ನಮ್ಮನೇಲಿ ಹೆಣ್ಣು ಕೇಳೋಕೆ ಯಾರು ಬರ್ತಾರೆ?" ಎಂದರು. ಅವರಿಗೂ ನಿಜವಾದ ಭಯವೇ ಇದ್ದದ್ದು, ಅದನ್ನು ನಾನು ಇಲ್ಲ ಎನ್ನುವುದಿಲ್ಲ. ಆದರೆ ಅವರ ಭಯಕ್ಕೆ ಆಕೆ ಯಾಕೆ ಕಾರು ಕಳೆದುಕೊಳ್ಳಬೇಕು?

ಅಕ್ಕ ಹ್ಯಾಂಡಲ್ ತಿರುವಿ ಕಾರು ಹತ್ತಿದಳು. ಭಾವ ಕೊಟ್ಟಿಗೆಯ ಬಾಗಿಲಿಗೆ ಅಡ್ಡವಾಗಿ ನಿಂತರು. ಕಾರು ಅವರತ್ತ ಹೊರಟಿತು. ಓಡಲಿಲ್ಲ, ನೆಗೆಯಲಿಲ್ಲ. ಬೆರಳು ಬೆರಳಾಗಿ ಮುಂದಕ್ಕೆ ಬಂತು. ಅಷ್ಟು ನಿಧಾನವಾಗಿ ಒಂದು ಕಾರು ಚಲಿಸಿದ್ದನ್ನು ನಾನು ಆಮೇಲೆಂದೂ ನೋಡಿಲ್ಲ. ಮುಂದಿನ ಕಬ್ಬಿಣ ಅವರ ಪಂಚೆಯ ಅಂಚನ್ನು ಮುಟ್ಟಿ, ನೆರಿಗೆ ಅಲುಗಿಸಿ, ಅಲ್ಲೇ ನಿಂತಿತು. ಅಕ್ಕ ಆ ಜಾಗದಲ್ಲಿ ಪೆಡಲನ್ನು ಹಿಡಿದುಕೊಂಡೇ ಕೂತಳು. ಎಂಜಿನ್ನು ಮೆಲ್ಲಗೆ ಮಿಡಿಯುತ್ತಿತ್ತು. ಮೇಸ್ತ್ರಿ ಬಿಟ್ಟುಹೋದಂತೆಯೇ ಆ ಚರ್ಮ ಇದ್ದಿದ್ದರೆ ಅಂದು ಭಾವ ಬದುಕುತ್ತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು, ಅದರೊಳಗೆ ಕೂತು ಪೇಟ ಕಳೆದುಕೊಂಡಿದ್ದವರಲ್ಲವೇ!

"ಜರುಗಿ ಭಾವಾ" ಎಂದಳು ಅಕ್ಕ. "ಹೆಂಗಸಿನ ಕಾಲು ಇದು. ತಡವರಿಸೋದಾಗಿದ್ರೆ ಇಷ್ಟೊತ್ತಿಗೆ ತಡವರಿಸ್ತಿತ್ತು."

ಭಾವ ಜರುಗಿದರು. ಮಾಲೂರಿನವರು ಯಾರೂ ಹೇಳದೆಯೇ ಎತ್ತಿನ ಗಾಡಿಯನ್ನು ಪಕ್ಕಕ್ಕೆ ಹೊಡೆದುಕೊಂಡರು.

ಆಮೇಲೆ ಐದಾರು ವರ್ಷ ಆ ಕಾರು ಓಡಿತು. ಮದುಮಕ್ಕಳನ್ನು ಕೂರಿಸಿಕೊಂಡಳು. ಹೆರಿಗೆ ಕಷ್ಟವಾದವರನ್ನು ಕೋಲಾರದ ಆಸ್ಪತ್ರೆಗೆ ಸೇರಿಸಿದಳು. ಮಾವಿನ ಕಾಲದಲ್ಲಿ ಯಲ್ದೂರಿನ ಕಡೆಯಿಂದ ಬುಟ್ಟಿ ಬುಟ್ಟಿ ಹಣ್ಣು ತುಂಬಿಕೊಂಡು ಬಂದರೆ ಕಾರಿನಲ್ಲಿ ಒಂದು ತಿಂಗಳು ಬೇರೆ ವಾಸನೆಯೇ ಇರುತ್ತಿರಲಿಲ್ಲ. ಭಾವನ ಮಗಳನ್ನು ಹೆಣ್ಣು ಕೇಳಲು ಬಂದವರನ್ನು ಶ್ರೀನಿವಾಸಪುರದಿಂದ ಕರೆತಂದದ್ದೂ ಅದೇ ಕಾರು, ಓಡಿಸಿದ್ದೂ ಅದೇ ಕಾಲು. ಆ ಬಗ್ಗೆ ಭಾವನನ್ನು ಕೇಳಬೇಕೆಂದು ನನ್ನ ನಾಲಿಗೆ ತುರಿಸುತ್ತಿತ್ತು.

ಯುದ್ಧ ಬಂದು ಪೆಟ್ರೋಲು ಕೂಪನ್ನಿನ ಮೇಲಾಯಿತು. ಕಾರು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಹೊರಡತೊಡಗಿತು. ಯುದ್ಧ ಮುಗಿಯುವ ಮುಂಚೆಯೇ ಅಕ್ಕ ಹೋದಳು. ವಿಷಮಶೀತ ಜ್ವರ. ಕೊನೆಯಲ್ಲಿ ಕನವರಿಸುತ್ತ ಹಾಸಿಗೆಯ ಮೇಲೆ ಎಡಗಾಲನ್ನು ಚಾಚುತ್ತಿದ್ದಳು, ಮಡಿಸುತ್ತಿದ್ದಳು... ಉಳಿದವರು ಸೆಳೆತ ಎಂದುಕೊಂಡರು. ನನಗೆ ಗೊತ್ತಿತ್ತು.

ತಿಥಿ ಮುಗಿದ ಮೇಲೆ ಎಂಜಿನ್ನು ಮಾಲೂರಿಗೆ ಹೋಯಿತು. ಹೋಗಲಿ. ಆಕೆ ಇರುವವರೆಗೆ ಅದನ್ನು ಮುಟ್ಟುವ ಧೈರ್ಯ ಯಾರಿಗೂ ಬರಲಿಲ್ಲ ಎಂಬುದನ್ನು ಬರೆದಿಡಲು ನಾನಿದ್ದೇನೆ. ಅವರು ಬರುವ ಮುಂಚೆಯೇ ನಾನು ಕೊಟ್ಟಿಗೆಗೆ ಹೋಗಿ, ಆಕೆಯದೇ ಸ್ಪ್ಯಾನರಿನಲ್ಲಿ ಕ್ಲಚ್ಚಿನ ಪೆಡಲಿನ ತುದಿಯ ಕಬ್ಬಿಣದ ಪಟ್ಟಿ ಬಿಚ್ಚಿ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದೆ. ಯಾರನ್ನೂ ಕೇಳಲಿಲ್ಲ. ಯಾರನ್ನು ಕೇಳಬೇಕಿತ್ತು?

ಶನಿವಾರ ಎಣ್ಣೆ ಆರಿದ ಮೇಲೆ ಆ ಪಟ್ಟಿಯನ್ನು ಪೆಟ್ಟಿಗೆಯಿಂದ ತೆಗೆದೆ. ಅಂಗೈಯಗಲದ ಕಬ್ಬಿಣ. ಕಾಲು ಜಾರದಿರಲೆಂದು ಹಾಕಿದ್ದ ಗೆರೆಗಳು ಹೆಬ್ಬೆರಳ ಬುಡ ಊರುವ ಕಡೆ ಪೂರ್ತಿ ಸವೆದಿವೆ. ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರಿದೆ. ಅಕ್ಕನದು ಒಂದು ಫೋಟೋ ಕೂಡ ಇಲ್ಲ, ಯಾರೂ ತೆಗೆಸಲಿಲ್ಲ. ಆಕೆಯ ಮುಖ ಈಗ ನನಗೆ ಪೂರ್ತಿಯಾಗಿ ನೆನಪಿಗೆ ಬರುವುದಿಲ್ಲ. ಅದನ್ನು ಒಪ್ಪಿಕೊಳ್ಳುವುದು ಬಹಳ ನೋವಿನ ಕೆಲಸ. ಕಾಲು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ.

ಮೊಮ್ಮಗಳು ಎಣ್ಣೆತಲೆಯಲ್ಲಿ ಬಂದು, "ಇದೇನಜ್ಜಿ?" ಎಂದಳು. ಪಟ್ಟಿಯನ್ನು ನೆಲದ ಮೇಲಿಟ್ಟು, ಕಾಲಿಡು ಎಂದೆ. ಅವಳು ಬಲಗಾಲಿಟ್ಟಳು.

"ಅದಲ್ಲ ಕಣೇ, ಎಡಗಾಲು" ಎಂದೆ.